ಅಳಿಸಿಹೋದ ಒಂದು ವಾಕ್ಯ

ನನ್ನ ಇಮೇಲಿನ ಕರಡುಗಳ ನಡುವೆ ಎಂಟು ತಿಂಗಳಿನಿಂದ ಒಂದು ಪತ್ರ ಮುಗಿಯದೆ ಬಿದ್ದಿತ್ತು. ಅಂತರ್ಜಾಲದಲ್ಲಷ್ಟೇ ಬರೆಯುವ, ನಾನು ಹನ್ನೊಂದು ವರ್ಷಗಳಿಂದ ಬಿಡದೆ ಓದುತ್ತ ಬಂದಿರುವ ಒಬ್ಬ ಪ್ರಬಂಧಕಾರರಿಗೆ ಬರೆಯಲು ಹೊರಟ ಮೆಚ್ಚುಗೆಯ ಪತ್ರ ಅದು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಹರಡಲಿ ಎಂದು ಬರೆಯುವವರು ಅವರಲ್ಲ ಎಂಬುದು ಒಂದು ಕಾರಣ. ಮುಂದೆ ಹೇಳಲಿರುವ ಸಂಗತಿಯಲ್ಲಿ ಅವರ ಖಾಸಗಿ ಪತ್ರವೊಂದರ ಪ್ರಸ್ತಾಪ ಬರುತ್ತದೆ ಎಂಬುದು ಇನ್ನೊಂದು.

ಮೊದಲ ಕರಡು "ನಿಮ್ಮ ಬರಹಗಳೆಂದರೆ ನನಗೆ ಪಂಚಪ್ರಾಣ" ಎಂದು ಶುರುವಾಗಿತ್ತು. ಮಾರನೆಯ ದಿನ ಓದಿ ನೋಡಿದಾಗ ನನಗೇ ನಾಚಿಕೆಯಾಗಿ ಅಳಿಸಿಹಾಕಿದೆ. ಎರಡನೆಯ ಕರಡಿನಲ್ಲಿ ಸರಳ, ಸುಂದರ, ಆಪ್ತ, ಚಿಂತನಶೀಲ ಎಂಬ ನಾಲ್ಕು ವಿಶೇಷಣಗಳು ಒಂದೇ ಸಾಲಿನಲ್ಲಿ ಮೆರವಣಿಗೆ ಹೊರಟಿದ್ದವು. ವಿಳಾಸ ಬದಲಿಸಿದರೆ ಅದನ್ನು ಯಾವ ಲೇಖಕರಿಗೆ ಬೇಕಾದರೂ ಕಳಿಸಬಹುದಾಗಿತ್ತು. ಅವರ ಒಂದು ಸಾಲನ್ನೂ ಓದದವರು ಕೂಡ ಅದನ್ನು ಬರೆಯಬಹುದಾಗಿತ್ತು. ಇಷ್ಟು ವರ್ಷ ಒಬ್ಬರನ್ನು ಇಷ್ಟು ಹತ್ತಿರದಿಂದ ಓದಿಯೂ, ಓದಿದ್ದೇನೆ ಎಂದು ತೋರಿಸಿಕೊಡುವ ಒಂದು ವಾಕ್ಯ ನನಗೆ ಹೊಳೆಯುತ್ತಿಲ್ಲವಲ್ಲ ಎಂಬ ಪೇಚಿನಲ್ಲಿ ಪತ್ರ ಅಲ್ಲಿಯೇ ನಿಂತಿತು.

ಅವರೇ ಏಕೆ ಮೆಚ್ಚಿನವರು ಎಂದು ನನ್ನನ್ನು ನಾನೇ ಕೇಳಿಕೊಂಡಾಗ ಸಿಕ್ಕ ಉತ್ತರ ಸ್ವಲ್ಪ ವಿಚಿತ್ರವಾದುದು: ಅವರ ಸಾಧಾರಣ ಪ್ರಬಂಧಗಳನ್ನೂ ನಾನು ಕೊನೆಯವರೆಗೆ ಓದುತ್ತೇನೆ. ಚೆನ್ನಾದ ಪ್ರಬಂಧವನ್ನು ಯಾರು ಬರೆದಿದ್ದರೂ ನಾವು ಓದುತ್ತೇವೆ, ಅದರಿಂದ ಬರೆದವರ ಮೇಲಿನ ಒಲವೇನೂ ಸಿದ್ಧವಾಗುವುದಿಲ್ಲ. ಆದರೆ ಬರೆಯುವವರಿಗೇ ಆಯಾಸವಾಗಿದೆ ಎಂದು ಮೂರನೆಯ ಸಾಲಿನಲ್ಲೇ ಗೊತ್ತಾಗುವಂಥ, ಹೋದ ವರ್ಷ ಹೇಳಿದ ತಮಾಷೆಯನ್ನೇ ಮತ್ತೆ ಹೇಳುವಂಥ, ಎಲ್ಲಿಗೂ ತಲುಪದೆ ನಡುದಾರಿಯಲ್ಲಿ ಕೈಬಿಟ್ಟಂಥ ಬರಹವನ್ನೂ ಓದುತ್ತ ಕೂರುತ್ತೇವೆ ಎಂದರೆ, ನಾವು ಓದುತ್ತಿರುವುದು ವಿಷಯವನ್ನಲ್ಲ, ಒಂದು ಮನಸ್ಸು ಓಡಾಡುವ ರೀತಿಯನ್ನು. ಕೊಡೆಯ ಹಿಡಿಕೆಗಳ ಬಗ್ಗೆ ಅವರು ಒಮ್ಮೆ ಬರೆದಿದ್ದರು. ಕೊಡೆಯ ಹಿಡಿಕೆಗಳ ಬಗ್ಗೆ ನನಗೆ ಯಾವ ಆಸಕ್ತಿಯೂ ಇರಲಿಲ್ಲ, ಓದಿದ ಮೇಲೂ ಹುಟ್ಟಲಿಲ್ಲ. ಆದರೂ ಪೂರ್ತಿ ಓದಿದೆ. ಅವರಿಗೂ ಆಸಕ್ತಿ ಇಲ್ಲದಿದ್ದುದು ಐದನೆಯ ಪ್ಯಾರಾದಲ್ಲಿ ಅವರಿಗೇ ಗೊತ್ತಾಗಿ, ಅದನ್ನು ಅಲ್ಲಿಯೇ ಒಪ್ಪಿಕೊಂಡುಬಿಟ್ಟದ್ದನ್ನು ನೋಡಿ ನಕ್ಕೆ.

ಇಂಥ ಬರಹಗಾರರನ್ನು ಓದುತ್ತ ಹೋದ ಹಾಗೆ ನಮ್ಮ ಓದಿನ ಅಭ್ಯಾಸವೂ ಅವರ ಅಳತೆಗೆ ತಕ್ಕಂತೆ ಮಾರ್ಪಡುತ್ತದೆ. ಮೊದಮೊದಲು ನಾನು ಎಲ್ಲರಂತೆ ಮೊಬೈಲಿನಲ್ಲಿ, ಎರಡು ಕೆಲಸಗಳ ನಡುವಿನ ಬಿಡುವಿನಲ್ಲಿ ಓದುತ್ತಿದ್ದೆ. ಪರದೆಯ ಮೇಲಿನ ಓದು ಹೇಗಿರುತ್ತದೆ ಎಂಬುದನ್ನು 2006ರಲ್ಲೇ, ಜನ ಜಾಲತಾಣಗಳನ್ನು ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 232 ಮಂದಿಯ ಕಣ್ಣಿನ ಚಲನೆಯನ್ನು ದಾಖಲಿಸಿ ತೋರಿಸಿದ್ದರು. ಮೇಲಿನ ಒಂದೆರಡು ಸಾಲುಗಳನ್ನು ಕಣ್ಣು ಅಡ್ಡಡ್ಡಲಾಗಿ ಓದುತ್ತದೆ; ಆಮೇಲೆ ಸ್ವಲ್ಪ ಕೆಳಗೆ ಇನ್ನೊಮ್ಮೆ, ಈ ಸಲ ಅರ್ಧದವರೆಗೆ ಮಾತ್ರ; ಅಲ್ಲಿಂದ ಮುಂದೆ ಎಡ ಅಂಚನ್ನು ಹಿಡಿದುಕೊಂಡು ನೇರವಾಗಿ ಕೆಳಗಿಳಿಯುತ್ತದೆ. ಇಂಗ್ಲಿಷಿನ ಎಫ್ ಅಕ್ಷರದ ಆಕಾರದ ಓದು ಎಂದು ಅದಕ್ಕೆ ಹೆಸರಾಯಿತು. ಸುದ್ದಿಯನ್ನೋ ಸೂಚನೆಯನ್ನೋ ಹುಡುಕುವವರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಪ್ರಬಂಧಕ್ಕೆ ಮಾತ್ರ ಇದು ಮಾರಕ, ಏಕೆಂದರೆ ಒಳ್ಳೆಯ ಪ್ರಬಂಧಕಾರರು ತಮ್ಮ ಮುಖ್ಯವಾದ ಮಾತನ್ನು ಸಾಲಿನ ಬಲಗಡೆಯ ಕೊನೆಯಲ್ಲಿ, ಅದೂ ನಡುವಿನ ಯಾವುದೋ ಪ್ಯಾರಾದಲ್ಲಿ ಅಡಗಿಸಿಡುವ ಕಿಡಿಗೇಡಿಗಳು.

ಇದು ನನಗೆ ಮನವರಿಕೆಯಾದದ್ದು ಅವರ ಕೀಲಿಕೈಗಳ ಪ್ರಬಂಧದಿಂದ. ಮೇಜಿನ ಡ್ರಾಯರಿನಲ್ಲಿ ಏಳು ಕೀಲಿಕೈಗಳಿವೆ. ಯಾವುದಕ್ಕೂ ಬೀಗವಿಲ್ಲ, ಇದ್ದರೂ ಎಲ್ಲಿದೆ ಎಂದು ಗೊತ್ತಿಲ್ಲ. ಪ್ರಬಂಧ ಅವುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಪರಿಚಯಿಸುತ್ತದೆ: ಹಲ್ಲು ಸವೆದದ್ದು, ತಲೆಯ ಮೇಲೆ ಮೂರಂಕಿಯ ಸಂಖ್ಯೆ ಒತ್ತಿರುವುದು, ಕೆಂಪು ದಾರ ಕಟ್ಟಿರುವುದು, ಪೆಟ್ಟಿಗೆಯದೆಂದು ಹೇಳಬಹುದಾದಷ್ಟು ಚಿಕ್ಕದು. ಅಲ್ಲಿಂದ ಮುಂದೆ, ಬೀಗವಿಲ್ಲದ ಕೀಲಿಕೈಯನ್ನು ಇಟ್ಟುಕೊಳ್ಳುವುದು ಎಂಥ ಮೂರ್ಖತನ ಎಂದು ವಕೀಲರ ಹಾಗೆ ಒಂದರ ಮೇಲೊಂದು ವಾದ ಹೂಡಲಾಗುತ್ತದೆ. ಮೊದಲ ಸಲ ಮೊಬೈಲಿನಲ್ಲಿ ಓದಿದಾಗ ನಾನು ಹಿಡಿದುಕೊಂಡದ್ದು ಇಷ್ಟನ್ನೇ. ಚೆನ್ನಾಗಿ ವಾದಿಸಿದ್ದಾರೆ ಅನ್ನಿಸಿತು, ಪುಟ ಮುಚ್ಚಿದೆ. ಕೆಲವು ವಾರಗಳ ನಂತರ ಏಕೋ ಮತ್ತೆ ನೆನಪಾಗಿ, ಕಾಗದದ ಮೇಲೆ ಪ್ರಿಂಟ್ ತೆಗೆದು ಓದುವಾಗ ನಾಲ್ಕನೆಯ ಪ್ಯಾರಾದ ನಡುವೆ, ಎರಡು ಉದ್ದನೆಯ ವಾಕ್ಯಗಳ ಸಂದಿಯಲ್ಲಿ ಎರಡೇ ಪದಗಳ ಒಂದು ವಾಕ್ಯ ಕಂಡಿತು: "ಇನ್ನೂ ಎಸೆದಿಲ್ಲ."

ಅಷ್ಟೇ. ಅದಾದ ಮೇಲೆ ಏನೂ ಆಗಿಲ್ಲವೆಂಬಂತೆ ವಾದ ಮುಂದುವರಿಯುತ್ತದೆ. ಆದರೆ ಆ ಎರಡು ಪದಗಳನ್ನು ನೋಡಿದ ಓದುಗನಿಗೆ ಮುಂದಿನ ವಾದವೆಲ್ಲ ಬೇರೆ ದನಿಯಲ್ಲಿ ಕೇಳಿಸುತ್ತದೆ. ಎಸೆಯಬೇಕೆಂದು ನಮ್ಮನ್ನು ಒಪ್ಪಿಸುತ್ತಿರುವ ಈ ಮನುಷ್ಯರು ನಿಜವಾಗಿ ತಮ್ಮನ್ನೇ ಒಪ್ಪಿಸಿಕೊಳ್ಳಲು ಹೆಣಗುತ್ತಿದ್ದಾರೆ, ವಾದ ಗಟ್ಟಿಯಾದಷ್ಟೂ ಸೋಲುತ್ತಿದ್ದಾರೆ. ನಾನು ಮೊದಲ ಸಲ ಓದಿದ್ದೆನೆಂದುಕೊಂಡಿದ್ದ ಪ್ರಬಂಧ ಇದಾಗಿರಲೇ ಇಲ್ಲ.

ಅಂದಿನಿಂದ ಅವರ ಬರಹ ಬಂದ ದಿನವೇ ಓದುವುದನ್ನು ಬಿಟ್ಟೆ. ಹೊಸ ಬರಹ ಬಂದಿತೆಂದು ತಿಳಿಯಲು ಆರ್‌ಎಸ್‌ಎಸ್ ಫೀಡನ್ನು ನೆಚ್ಚಿಕೊಂಡಿದ್ದೇನೆ. 1999ರಲ್ಲಿ ಹುಟ್ಟಿದ ಈ ಹಳೆಯ ವ್ಯವಸ್ಥೆಯಲ್ಲಿ ನಾವು ಆರಿಸಿಕೊಂಡವರ ಬರಹಗಳು ತಾರೀಖಿನ ಪ್ರಕಾರ ಸಾಲಾಗಿ ಬಂದು ಕೂರುತ್ತವೆಯೇ ಹೊರತು, ಯಾವುದು ನಮಗೆ ಹಿಡಿಸೀತು ಎಂದು ಲೆಕ್ಕ ಹಾಕಿ ಮುಂದಕ್ಕೆ ತಳ್ಳುವವರು ಯಾರೂ ಇಲ್ಲ. ಬಂದದ್ದನ್ನು ಪ್ರಿಂಟ್ ತೆಗೆದು ಭಾನುವಾರದವರೆಗೆ ಇಡುತ್ತೇನೆ. ಓದುವಾಗ ಮೊಬೈಲ್ ಇನ್ನೊಂದು ಕೋಣೆಯಲ್ಲಿರುತ್ತದೆ. ಕೈಯಲ್ಲಿ ಪೆನ್ಸಿಲ್ ಇದ್ದರೂ ಸಾಲಿನ ಕೆಳಗೆ ಗೆರೆ ಎಳೆಯುವುದಿಲ್ಲ. ಎಳೆದ ಗೆರೆ ಮುಂದಿನ ಸಲ ಓದುವಾಗ ನಮ್ಮ ಕಣ್ಣನ್ನು ದರದರನೆ ಅಲ್ಲಿಗೇ ಎಳೆದೊಯ್ಯುತ್ತದೆ. ನಿಂತ ಕಡೆ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಕೀಲಿಕೈಗಳ ಪ್ರಬಂಧದ ಪ್ರತಿಯಲ್ಲಿ "ಇನ್ನೂ ಎಸೆದಿಲ್ಲ" ಎಂಬಲ್ಲಿ ಈಗ ನಾಲ್ಕು ಚುಕ್ಕಿಗಳೂ ನಾಲ್ಕು ತಾರೀಖುಗಳೂ ಇವೆ. ಇದೆಲ್ಲ ಅತಿಯಾಯಿತು ಎಂದು ಅನ್ನಿಸುವವರಿಗೆ ನನ್ನಲ್ಲಿ ಉತ್ತರವಿಲ್ಲ. ನಿಜಕ್ಕೂ ಸ್ವಲ್ಪ ಅತಿಯೇ.

ಇಂದು ಒಂದು ಬರಹವನ್ನು ಎಷ್ಟು ಮಂದಿ ತೆರೆದರು ಎಂಬುದನ್ನು ಯಂತ್ರ ತಕ್ಷಣ ಎಣಿಸಿ ಹೇಳುತ್ತದೆ. ಎಷ್ಟು ಮಂದಿ ಓದಿದರು ಎಂಬುದನ್ನು ಹೇಳಲು ಅದಕ್ಕೆ ಬರುವುದಿಲ್ಲ. ಪ್ರಬಂಧಕಾರರಿಗೆ ಈ ಎಣಿಕೆಯ ಚಪಲ ಹೊಸದೇನಲ್ಲ. 1711ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ದಿನಕ್ಕೊಂದು ಪ್ರಬಂಧದಂತೆ ಸ್ಪೆಕ್ಟೇಟರ್ ಪತ್ರಿಕೆ ಶುರುವಾಗಿ ಹತ್ತು ಸಂಚಿಕೆ ಆಗುವಷ್ಟರಲ್ಲೇ ಅದರ ಲೇಖಕರಲ್ಲೊಬ್ಬರಾದ ಜೋಸೆಫ್ ಅಡಿಸನ್ ಲೆಕ್ಕಕ್ಕೆ ಕೂತಿದ್ದರು: ದಿನಕ್ಕೆ ಮೂರು ಸಾವಿರ ಪ್ರತಿ ಹೋಗುತ್ತಿದೆಯಂತೆ, ಪ್ರತಿಯೊಂದನ್ನೂ ಇಪ್ಪತ್ತು ಮಂದಿ ಓದುತ್ತಾರೆಂದು ಇಟ್ಟುಕೊಂಡರೆ ಅರವತ್ತು ಸಾವಿರ ಓದುಗರಾದರು! ಇಪ್ಪತ್ತು ಎಂಬ ಗುಣಕ ಎಲ್ಲಿಂದ ಬಂತೆಂದರೆ, ಅದು ಸಾಧಾರಣ ಅಂದಾಜು ಎಂದು ಅವರೇ ಹೇಳಿಕೊಂಡರು. ಲೇಖಕರ ಈ ಹಿಗ್ಗನ್ನು ಕಂಡು ನನಗೆ ನಗು ಬಂದರೂ, ಒಂದೇ ಪ್ರತಿ ಕೈಯಿಂದ ಕೈಗೆ ದಾಟಿ ಇಪ್ಪತ್ತು ಜನರ ಬೆರಳಿನಲ್ಲಿ ಸವೆಯುವ ಚಿತ್ರವನ್ನು ಮರೆಯಲಾಗುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಸ್ಯಾಮ್ಯುಯೆಲ್ ಜಾನ್ಸನ್ನರದು. 1750ರಿಂದ ಎರಡು ವರ್ಷ ವಾರಕ್ಕೆ ಎರಡರಂತೆ ರ‍್ಯಾಂಬ್ಲರ್ ಹೆಸರಿನಲ್ಲಿ 208 ಸಂಚಿಕೆಗಳನ್ನು, ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದೆಲ್ಲವನ್ನೂ ಒಬ್ಬರೇ ಬರೆದು, ಕೊನೆಯ ಸಂಚಿಕೆಯಲ್ಲಿ ತಾವು ಜನರಿಗೆ ಅಷ್ಟೇನೂ ಅಚ್ಚುಮೆಚ್ಚಿನವರಾಗಲಿಲ್ಲ ಎಂದು ಒಪ್ಪಿಕೊಂಡು ಕೈ ತೊಳೆದುಕೊಂಡರು. ಅದೇ ಬರಹಗಳು ಪುಸ್ತಕವಾದ ಮೇಲೆ ಅವರ ಜೀವಿತಕಾಲದಲ್ಲೇ ಮತ್ತೆ ಮತ್ತೆ ಅಚ್ಚಾದವು. ಹಾಗಾದರೆ ಆ ಎರಡು ವರ್ಷ ಓದುತ್ತಿದ್ದವರು ಇರಲಿಲ್ಲವೇ? ಇದ್ದರು, ಅವರಲ್ಲಿ ಹೆಚ್ಚಿನವರು ಸುಮ್ಮನೆ ಓದಿಕೊಂಡಿದ್ದಿರಬೇಕು. ಎಂಟು ತಿಂಗಳು ಕರಡನ್ನು ಇಟ್ಟುಕೊಂಡು ಕೂತ ನನಗೆ ಆ ಗುಂಪಿನವರ ಮೇಲೆ ಕಲ್ಲೆಸೆಯುವ ಯೋಗ್ಯತೆ ಇಲ್ಲ.

ಹೀಗಿರುವಾಗ ಹೋದ ವರ್ಷ ಒಬ್ಬ ಗೆಳೆಯನಿಗೆ ಕೀಲಿಕೈಗಳ ಪ್ರಬಂಧದ ಲಿಂಕ್ ಕಳಿಸಿದೆ. ಸಂಜೆಯೇ ಅವನ ಉತ್ತರ ಬಂತು: "ಬಹಳ ಚೆನ್ನಾಗಿ ವಾದಿಸಿದ್ದಾರೆ ಮಾರಾಯ. ಓದಿ ಮುಗಿಸಿ ನನ್ನ ಹತ್ತಿರ ಇದ್ದ ಹಳೆಯ ಕೀಲಿಕೈಗಳನ್ನೆಲ್ಲ ಎಸೆದುಬಿಟ್ಟೆ." ಅವನೂ ನನ್ನಂತೆಯೇ ಮೊಬೈಲಿನಲ್ಲಿ ಹಾರಿಸಿಕೊಂಡು ಓದಿದ್ದಾನೆ ಎಂದುಕೊಂಡು, ನಾಲ್ಕನೆಯ ಪ್ಯಾರಾವನ್ನು ಮತ್ತೆ ನೋಡು ಎಂದು ಬರೆದೆ. ನೋಡಿದೆ, ಅಲ್ಲೇನಿದೆ, ಎಂದ. ನಾನೇ ತೆರೆದು ನೋಡಿದೆ. ವಾಕ್ಯ ಇರಲಿಲ್ಲ.

ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಎರಡು ಅಲ್ಪವಿರಾಮಗಳು ಬದಲಾಗಿದ್ದವು, ಒಂದು ಕಾಗುಣಿತದ ತಪ್ಪು ಸರಿಯಾಗಿತ್ತು, "ಇನ್ನೂ ಎಸೆದಿಲ್ಲ" ಎಂಬುದು ಹೋಗಿತ್ತು. ಮಿಕ್ಕದ್ದೆಲ್ಲ ಹಾಗೆಯೇ ಇತ್ತು, ಆದರೂ ಎಲ್ಲವೂ ಬದಲಾಗಿತ್ತು: ನನ್ನ ಕೈಯಲ್ಲಿದ್ದದ್ದು ಒಂದು ಪ್ರಬಂಧ, ಪರದೆಯ ಮೇಲಿದ್ದದ್ದು ಡ್ರಾಯರ್ ಶುಚಿಗೊಳಿಸುವ ಬಗ್ಗೆ ಒಂದು ಸಲಹೆ. ಜಾಲತಾಣಗಳ ಹಳೆಯ ರೂಪಗಳನ್ನು ಕಾಪಿಟ್ಟು, 2001ರಿಂದ ಎಲ್ಲರಿಗೂ ನೋಡಲು ಕೊಡುತ್ತಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದೆ. ಆ ಪುಟದ ಅತ್ಯಂತ ಹಳೆಯ ದಾಖಲೆಯೇ ತಿದ್ದುಪಡಿಯ ನಂತರದ್ದಾಗಿತ್ತು.

ಅವರ ಬರಹ, ಅವರು ತಿದ್ದಿಕೊಂಡರು. ಇದರಲ್ಲಿ ನನ್ನ ಹಕ್ಕು ಏನಿದೆ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಅಚ್ಚಾದ ಪುಸ್ತಕದಲ್ಲಿ ತಿದ್ದುಪಡಿ ಆದರೆ ಎರಡನೆಯ ಮುದ್ರಣ ಎಂದು ಮೊದಲ ಪುಟದಲ್ಲಿ ಹೇಳಿರುತ್ತಾರೆ, ಮೊದಲ ಮುದ್ರಣ ಯಾರದೋ ಕಪಾಟಿನಲ್ಲಿ ಉಳಿದಿರುತ್ತದೆ. ಅಂತರ್ಜಾಲದ ಬರಹದಲ್ಲಿ ಹೊಸದು ಹಳೆಯದರ ಜಾಗದಲ್ಲಿಯೇ ಬಂದು ಕೂರುತ್ತದೆ. ಪ್ರಬಂಧ ಎಂಬ ನಮ್ಮ ಪದಕ್ಕೆ ಬಿಗಿಯಾಗಿ ಕಟ್ಟಿದ್ದು ಎಂಬ ಅರ್ಥವಿದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಬರೆಯುವುದನ್ನು ಕಲಿತವರಿಗೆ ಆ ಕಟ್ಟು ಎಷ್ಟು ಬಿಗಿ ಎಂಬುದೂ ಗೊತ್ತು. ಈ ಪ್ರಕಾರಕ್ಕೆ ಮೊದಲು ಹೆಸರಿಟ್ಟ ಫ್ರಾನ್ಸಿನ ಮಾಂಟೇನ್ ಆರಿಸಿಕೊಂಡ ಪದದ ಅರ್ಥ ಯತ್ನ, ಪರೀಕ್ಷೆ ಎಂದು. ಕಟ್ಟು ಇಲ್ಲದ, ಕೊನೆ ಇಲ್ಲದ ಯತ್ನ ಅದು. 1580ರಲ್ಲಿ ಎರಡು ಸಂಪುಟ ಅಚ್ಚಾದವು. 1588ರ ಆವೃತ್ತಿಗೆ ಮೂರನೆಯದು ಸೇರಿತು, ಹಳೆಯವುಗಳ ಒಳಗೂ ನೂರಾರು ಕಡೆ ಹೊಸ ಮಾತುಗಳು ಸೇರಿದವು. ಆ ಮುದ್ರಿತ ಪ್ರತಿಯೊಂದರ ಅಂಚುಗಳಲ್ಲಿ ಅವರು 1592ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ಬೋರ್ಡೊ ನಗರದಲ್ಲಿ ಈಗಲೂ ಇರುವ ಆ ಪ್ರತಿಯ ಚಿತ್ರಗಳಲ್ಲಿ ಅಚ್ಚಿನ ಸುತ್ತ ಕೈಬರಹ ಬಳ್ಳಿಯಂತೆ ಹಬ್ಬಿರುವುದನ್ನು ನೋಡಬಹುದು. ತಾನು ಸೇರಿಸುತ್ತೇನೆ, ತಿದ್ದುವುದಿಲ್ಲ ಎಂಬುದು ಅವರ ಹೇಳಿಕೆ. ಅಕ್ಷರಶಃ ಅದು ನಿಜವಲ್ಲ, ಅಲ್ಲಲ್ಲಿ ತಿದ್ದಿದ್ದಾರೆ, ಆದರೆ ಅದರ ಹಿಂದಿನ ಭಾವ ನನಗೆ ಹಿಡಿಸುತ್ತದೆ: ಹೋದ ವರ್ಷ ಯೋಚಿಸಿದವನ ಮಾತನ್ನು ಅಳಿಸಲು ಈ ವರ್ಷದವನಿಗೆ ಅಧಿಕಾರವಿಲ್ಲ, ಪಕ್ಕದಲ್ಲಿ ಬೇಕಾದರೆ ತನ್ನದನ್ನೂ ಬರೆಯಲಿ.

ಮಾಂಟೇನ್‌ಗೆ ಒಬ್ಬ ಓದುಗಳಿದ್ದಳು. ಮರೀ ದ ಗೂರ್ನೆ ಎಂದು ಹೆಸರು. ಹದಿಹರೆಯ ಮುಗಿಯುವ ಹೊತ್ತಿಗೆ ಆ ಪ್ರಬಂಧಗಳನ್ನು ಓದಿ ಎಷ್ಟು ಉದ್ರೇಕಗೊಂಡಿದ್ದಳೆಂದರೆ, ಆ ಕಾಲದಲ್ಲಿ ಹುಚ್ಚಿಗೆ ಕೊಡುತ್ತಿದ್ದ ಗಿಡಮೂಲಿಕೆಯನ್ನು ತನಗೆ ಕೊಡುವುದರಲ್ಲಿದ್ದರು ಎಂದು ಅವಳೇ ಬರೆದಿದ್ದಾಳೆ. 1588ರಲ್ಲಿ ಪ್ಯಾರಿಸ್ಸಿನಲ್ಲಿ ಅವರನ್ನು ಭೇಟಿಯಾದಾಗ ಅವಳಿಗೆ ಇಪ್ಪತ್ಮೂರರ ಆಸುಪಾಸು. ಆಮೇಲೆ ಮಾಂಟೇನ್ ಅವಳನ್ನು ಸಾಕುಮಗಳೆಂದೇ ಕರೆದರು. ಅವರು ತೀರಿಕೊಂಡ ನಂತರ ಅವರ ಮನೆಯವರು ಕಳಿಸಿಕೊಟ್ಟ ಪ್ರತಿಯನ್ನು ಹಿಡಿದು 1595ರ ಆವೃತ್ತಿಯನ್ನು ಸಿದ್ಧಪಡಿಸಿದವಳು ಅವಳೇ. ಆ ಆವೃತ್ತಿಗೂ ಬೋರ್ಡೊದ ಪ್ರತಿಗೂ ಅಲ್ಲಲ್ಲಿ ವ್ಯತ್ಯಾಸಗಳಿವೆ. ಯಾವುದನ್ನು ನೆಚ್ಚಬೇಕೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ನನಗೆ ಜಗಳಕ್ಕಿಂತ ಇಷ್ಟವಾದದ್ದು, ಮೆಚ್ಚಿದವರ ಅಲ್ಪವಿರಾಮಗಳನ್ನೂ ಲೆಕ್ಕ ಹಾಕುವ ಅವಳ ಶ್ರದ್ಧೆ. ಮುದ್ರಣವಾದ ಪ್ರತಿಗಳಲ್ಲೂ ಅಚ್ಚಿನ ತಪ್ಪುಗಳನ್ನು ಅವಳು ಕೈಯಿಂದ ತಿದ್ದಿದ್ದಳು.

ಮತ್ತೆ ಕೀಲಿಕೈಗಳಿಗೆ ಬರುತ್ತೇನೆ. ಆ ವಾಕ್ಯವನ್ನು ಏಕೆ ತೆಗೆದಿರಬಹುದು ಎಂಬ ಪ್ರಶ್ನೆ ನನ್ನನ್ನು ವಾರಗಟ್ಟಲೆ ಕಾಡಿತು. ಅದು ವಾದವನ್ನು ದುರ್ಬಲಗೊಳಿಸುತ್ತದೆ ಎಂದು ಯಾರಾದರೂ ಹೇಳಿರಬಹುದು, ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ದುರ್ಬಲಗೊಳಿಸುವುದೇ ಅದರ ಕೆಲಸವಾಗಿತ್ತು. ಅಥವಾ ಕಾರಣ ಇನ್ನೂ ಸರಳವಾಗಿರಬಹುದು: ಕೀಲಿಕೈಗಳನ್ನು ಅವರು ನಿಜವಾಗಿಯೂ ಎಸೆದಿರಬಹುದು. ಎಸೆದ ಮೇಲೆ "ಇನ್ನೂ ಎಸೆದಿಲ್ಲ" ಎಂಬುದು ಸುಳ್ಳಾಯಿತಲ್ಲ, ಹಾಗಾಗಿ ತೆಗೆದಿರಬಹುದು. ಈ ಎರಡನೆಯ ಊಹೆ ಹೊಳೆದಾಗ, ನಾನು ಏಳು ಕೀಲಿಕೈಗಳೂ ಒಂದು ಡ್ರಾಯರೂ ಎಲ್ಲೋ ನಿಜವಾಗಿ ಇವೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೇನೆ ಎಂಬುದೂ ಜೊತೆಯಲ್ಲೇ ಹೊಳೆಯಿತು. ಹಾಗೆ ನಂಬಲು ಆಧಾರವೇನು? ಪ್ರಬಂಧದಲ್ಲಿ ಬರುವ 'ನಾನು' ಬರೆಯುವವರ ಮನೆಯಲ್ಲಿ ವಾಸವಾಗಿರಲೇಬೇಕೆಂದಿಲ್ಲ. ಚಾರ್ಲ್ಸ್ ಲ್ಯಾಂಬ್ 1820ರಿಂದ ಲಂಡನ್ ಮ್ಯಾಗಜೀನ್‌ನಲ್ಲಿ ಎಲಿಯಾ ಎಂಬ ಹೆಸರಿನಲ್ಲಿ ಬರೆದರು. ಅದು ಹಿಂದೆ ಕಚೇರಿಯೊಂದರಲ್ಲಿ ಕಂಡಿದ್ದ ಗುಮಾಸ್ತನಿಂದ ಎರವಲು ತಂದ ಹೆಸರು. ಓದುಗರು ಎಲಿಯಾನನ್ನು ಮನೆಯವನಂತೆ ಹಚ್ಚಿಕೊಂಡಿರುವಾಗಲೇ, 1823ರ ಜನವರಿಯಲ್ಲಿ, ದಿವಂಗತ ಎಲಿಯಾನ ಗೆಳೆಯನೊಬ್ಬ ಬರೆದನೆಂಬಂತೆ ಅವನ ತಿಥಿಯ ಮಾತುಗಳನ್ನೂ ಲ್ಯಾಂಬ್ ತಾವೇ ಬರೆದು ಮುಗಿಸಿದರು. ಆಮೇಲೆ ಎಲಿಯಾ ನಿರಾಳವಾಗಿ ಮತ್ತೆ ಬರೆಯತೊಡಗಿದ ಎಂಬುದು ಬೇರೆ ಮಾತು.

ಇರಲಿ. ಏಳು ಕೀಲಿಕೈಗಳು ಕಲ್ಪನೆಯೇ ಆಗಿದ್ದರೂ ಅವನ್ನು ಎಸೆಯಲಾಯಿತೇ ಇಲ್ಲವೇ ಎಂದು ತಿಳಿಯುವ ಕುತೂಹಲ ನನ್ನದು ನಿಜವಾದದ್ದೇ. ಕರಡನ್ನು ತೆರೆದು, ವಿಶೇಷಣಗಳನ್ನೆಲ್ಲ ಅಳಿಸಿ, ಹನ್ನೊಂದು ವರ್ಷಗಳ ಲೆಕ್ಕವನ್ನೂ ತೆಗೆದುಹಾಕಿ, ಉಳಿದ ಖಾಲಿ ಜಾಗದಲ್ಲಿ ನಾಲ್ಕು ವಾಕ್ಯ ಬರೆದೆ. ನಿಮ್ಮ ಕೀಲಿಕೈಗಳ ಪ್ರಬಂಧದ ನಾಲ್ಕನೆಯ ಪ್ಯಾರಾದಲ್ಲಿ "ಇನ್ನೂ ಎಸೆದಿಲ್ಲ" ಎಂದು ಮೊದಲು ಇತ್ತು. ಆ ವಾಕ್ಯದ ಬಳಿ ನಾಲ್ಕು ಬೇರೆ ಬೇರೆ ದಿನಗಳಲ್ಲಿ ನಾನು ಓದು ನಿಲ್ಲಿಸಿದ್ದೇನೆ. ಈಗ ಅದು ಅಲ್ಲಿಲ್ಲ. ಎಸೆದಿರಾ?

ಮೂರನೆಯ ದಿನ ಉತ್ತರ ಬಂತು. ಕೀಲಿಕೈಗಳ ವಿಚಾರವಾಗಿ ಅದರಲ್ಲಿ ಒಂದು ಮಾತೂ ಇರಲಿಲ್ಲ. ಮೊದಲಿನ ಪಾಠ ತಮ್ಮ ಬಳಿ ಎಲ್ಲಿಯೂ ಉಳಿದಿಲ್ಲವೆಂದೂ, ನನ್ನಲ್ಲಿರುವ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳಿಸಿಕೊಡಲು ಸಾಧ್ಯವೇ ಎಂದೂ ಕೇಳಿದ್ದರು. ಅಂಚಿನಲ್ಲಿ ಗುರುತುಗಳೇನಾದರೂ ಇದ್ದರೆ ಅಳಿಸಬೇಡಿ ಎಂದು ಕೆಳಗೆ ಸೇರಿಸಿದ್ದರು. ಅಂದು ರಾತ್ರಿಯೇ ಕಳಿಸಿದೆ.